ಅಣಬೆ ಮಾರೋಳ ಮಗಳು

ಕಾಲು ಕಂಬಳಿ ಒಳಗೆ ಎಳ್ಕೊ, ಹೇಳ್ತೀನಿ. ಒಂದಾನೊಂದು ಕಾಲದಲ್ಲಿ, ಗುಡುಗಿದಾಗ ಊರೋರೆಲ್ಲ ಬಾಗಿಲು ಹಾಕ್ಕೊಂಡರೆ ತಾನೊಬ್ಬಳೇ ಬುಟ್ಟಿ ಹಿಡ್ಕೊಂಡು ಹೊರಗೆ ಹೋಗೋಳು ಒಬ್ಬಳಿದ್ದಳಂತೆ, ಸಣ್ಣೀರಿ ಅಂತ. ಗುಡುಗಿಗೆ ಹುತ್ತದ ಮೇಲೆ ಅಣಬೆ ಏಳುತ್ತಲ್ಲ, ಅದನ್ನ ಕಿತ್ತು, ಒಣಗಿಸಿ, ಮಾರಿ ಬದುಕೋಳಂತೆ. ಯಾವುದು ತಿನ್ನೋದು ಯಾವುದು ವಿಷ ಅಂತ ಅವಳಿಗೆ ಗೊತ್ತು, ನಮಗೆ ಗೊತ್ತಾಗಲ್ಲ, ನೀನು ಮುಟ್ಟೀಯ ಜೋಕೆ.

ಅವಳಿಗೊಬ್ಬಳು ಮಗಳು, ಚೆಲುವಿ. ಚೆಲುವಿಗೆ ದೊಡ್ಡ ಮನೆ ಸಂಬಂಧ ಬಂತಂತೆ. ಅಣಬೆ ಮಾರೋಳ ಮಗಳು ಅಂದರೆ ಸಂಬಂಧ ಕೈತಪ್ಪೀತು ಅಂತ ಸೋದರಮಾವ, ತಾಯಿ ಇಲ್ಲದ ಹುಡುಗಿ ಅಂತ ಹೇಳಿ ಧಾರೆ ಎರೆದುಬಿಟ್ಟನಂತೆ. ಸಣ್ಣೀರಿ ಚಪ್ಪರದ ಹಿಂದೆ ನಿಂತು ನೋಡಿದಳಂತೆ, ಮಗಳು ಸುಖವಾಗಿದ್ದರೆ ಸಾಕು ಅಂತ.

ಆಮೇಲೆ ಚೆಲುವಿಗೆ ಒಂದು ಹೆಣ್ಣು ಮಗು ಆಯ್ತಂತೆ. ಬೀದೀಲಿ ಯಾರು ಸೀನಿದರೂ ಆ ಮಗುಗೆ ಜ್ವರ. ಶೀತ ಹೋದರೆ ಕೆಮ್ಮು, ಕೆಮ್ಮು ಹೋದರೆ ಭೇದಿ. ಪಂಡಿತರು ಸಾಕಾಗಿ, ಬಂದ ಜ್ವರ ನಾನು ಇಳಿಸ್ತೀನಿ, ತಡೆಯೋ ಶಕ್ತಿ ಮಗು ಮೈಯಲ್ಲೇ ಇಲ್ವಲ್ಲ, ಹಿಂಗೇ ಆದರೆ ಈ ಚಳಿಗಾಲ ದಾಟೋದು ಕಷ್ಟ ಅಂದರಂತೆ.

ಸುದ್ದಿ ಸಣ್ಣೀರಿ ಕಿವಿಗೆ ಬಿತ್ತಂತೆ. ಒಣ ಅಣಬೆ ಗಂಟು ಕಟ್ಕೊಂಡು ಹಿತ್ತಲ ಬಾಗಿಲಿಗೆ ಬಂದಳಂತೆ. ಚೆಲುವಿ ಗಂಟು ಇಸ್ಕೊಂಡು, ಯಾರಾದರೂ ನೋಡಾರು ಹೋಗವ್ವ ಅಂತ ಕಳಿಸಿ, ಅದನ್ನ ತಿಪ್ಪೆಗೆ ಎಸೆದಳಂತೆ. ಥೂ, ಹೇಳೋಕೆ ನನಗೇ ನಾಚಿಕೆಯಾಗುತ್ತೆ. ಎರಡನೇ ಸಲ ಬಂದಾಗ ಅತ್ತೆ ಅಲ್ಲೇ ಇದ್ದಳಂತೆ, ಯಾರೇ ಇವಳು ಅಂದಳಂತೆ. ಚೆಲುವಿ ಅವ್ವನ ಮುಖ ನೋಡದೆ, ಯಾರೋ ಅಣಬೆ ಮಾರೋಳು ಅತ್ತೆ ಅಂದುಬಿಟ್ಟಳಂತೆ. ಸಣ್ಣೀರಿ ಗಂಟು ಕಂಕುಳಲ್ಲಿ ಇಟ್ಕೊಂಡು ಹೊರಟುಹೋದಳಂತೆ. ಅವತ್ತು ಚೆಲುವಿ ಊಟದ ತಟ್ಟೆ ಹಂಗೇ ಎತ್ತಿಟ್ಟಳಂತೆ, ಆದರೂ ನಿಜ ಹೇಳಲಿಲ್ಲ.

ಮೂರನೇ ಸಲವೂ ಬಂದಳಂತೆ ಆ ತಾಯಿ. ಚಳಿ ಶುರುವಾಗಿತ್ತು, ಮಗು ಹಾಲು ಕುಡಿಯೋದನ್ನೂ ಬಿಟ್ಟಿತ್ತು. ಅತ್ತೇನೇ ಅವಳ ಕೈ ಹಿಡಿದು, ಅಣಬೆಯಮ್ಮ, ನಿನಗೇನಾದರೂ ಗೊತ್ತಿದ್ದರೆ ಮಾಡು ಅಂದಳಂತೆ. ಸಣ್ಣೀರಿ, ಇದು ಜ್ವರ ಓಡಿಸೋ ಮಂತ್ರ ಅಲ್ಲ ತಾಯಿ, ಮೈಯೊಳಗೆ ಕಾವಲುಗಾರರು ಇರ್ತಾರೆ, ಅವರು ತೂಕಡಿಸ್ತಿದ್ದರೆ ಅಣಬೆ ಸಾರು ತಟ್ಟಿ ಎಬ್ಬಿಸಿದರೂ ಎಬ್ಬಿಸೀತು, ಪಂಡಿತರ ಔಷಧಿ ಮಾತ್ರ ಬಿಡಬೇಡಿ ಅಂದಳಂತೆ. ಆಮೇಲೆ ಹಿತ್ತಲಲ್ಲೇ ಒಲೆ ಹೂಡಿ, ಅಣಬೆ ನೆನೆಹಾಕಿ, ಕುದಿಸಿ, ಸೋಸಿ, ಒಳಲೆಯಲ್ಲಿ ಮೂರು ಹೊತ್ತು ಕುಡಿಸಿದಳಂತೆ. ಮೊದಲನೇ ವಾರ ಏನೂ ಇಲ್ಲ. ಎರಡನೇ ವಾರ ಮಗು ಹಾಲಿಗೆ ಅತ್ತಿತಂತೆ. ಮೂರನೇ ವಾರ ಬೀದಿಯೋರೆಲ್ಲ ಸೀನಿದರೂ ಇದು ಸೀನಲಿಲ್ವಂತೆ.

ಅತ್ತೆಗೆ ಖುಷಿಯಾಗಿ, ಮೊರದ ತುಂಬ ಅಕ್ಕಿ ತಂದು, ನಿನಗೆ ಮಕ್ಕಳೆಷ್ಟು ಅಣಬೆಯಮ್ಮ ಅಂತ ಕೇಳಿದಳಂತೆ. ಚೆಲುವಿ ಬಾಗಿಲ ಸಂದೀಲೇ ನಿಂತಿದ್ದಳು. ಸಣ್ಣೀರಿ ಒಲೆ ಬೂದಿ ಬಳೀತಾ ಹೇಳಿದಳಂತೆ:

“ಒಬ್ಳು ಅವಳೆ, ತಾಯಿ. ದೊಡ್ಡ ಮನೆ ಸೇರವಳೆ. ಅವಳ ಅತ್ತೆ ಭಾಳ ಒಳ್ಳೆಯೋರು.”

ಚೆಲುವಿಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತಂತೆ. ಓಡಿಬಂದು ಆ ಬೂದಿ ಕೈ ಹಿಡ್ಕೊಂಡಳಂತೆ.

“ಅತ್ತೆ, ಇವಳು ನಮ್ಮವ್ವ. ಸುಳ್ಳು ಹೇಳಿದ್ದು ನಾನು.”

ಅತ್ತೆ ಇಬ್ಬರ ಮುಖಾನೂ ನೋಡಿದಳಂತೆ. ಆಮೇಲೆ ಮೊರ ಕೆಳಗಿಟ್ಟು, ಬೀಗಿತ್ತಿಗೆ ಹಿತ್ತಲಲ್ಲಿ ಅಕ್ಕಿ ಕೊಡೋ ಹಂಗೆ ಮಾಡಿದ್ಯಲ್ಲ, ನನ್ನ ಮಾನ ಕಳೆದೆ ಕಣೇ ಅಂತ ಸೊಸೆಯನ್ನ ಬೈದು, ಸಣ್ಣೀರೀನ ಮುಂಬಾಗಿಲಿಂದ ಕರ್ಕೊಂಡು ಹೋಗಿ ಮಣೆ ಹಾಕಿ ಕೂರಿಸಿದಳಂತೆ.

ಸಣ್ಣೀರಿಗೆ ಸಿಟ್ಟು ಬರಲಿಲ್ವಾ ಅಂತೀಯಾ? ಬಂದಿರುತ್ತೆ ಮಗ, ತೋರಿಸಲಿಲ್ಲ. ಅದಕ್ಕೇ ಸುಳ್ಳು ಹೇಳಿದ ನಾಚಿಕೆ ಚೆಲುವಿಗೆ ಪೂರ್ತಿ ಹೋಗಲೇ ಇಲ್ವಂತೆ. ಮುಂದಿನ ಸಲ ಗುಡುಗಿದಾಗ ತಾನೂ ಹುತ್ತಕ್ಕೆ ಹೋಗಿ, ಅಣಬೆ ಬುಟ್ಟಿ ತಲೆಮೇಲೆ ಹೊತ್ತು, ಮಗುವನ್ನ ಸೊಂಟದಲ್ಲಿ ಕೂರಿಸ್ಕೊಂಡು, ಅವ್ವನ ಹಿಂದೆ ದೊಡ್ಡ ಬೀದಿ ನಡುವೇನೇ ನಡೆದು ಬಂದಳಂತೆ. ಮುಂದಿರೋಳು ಯಾರೇ ಅಂತ ಕೇಳಿದೋರಿಗೆಲ್ಲ, ನಮ್ಮವ್ವ ಅಂದಳಂತೆ. ಕೇಳದೇ ಇದ್ದೋರಿಗೂ ಹೇಳಿದಳಂತೆ.

ಬುಟ್ಟಿ ಮನೆ ಸೇರಿತು, ಕತೆ ಮುಗೀತು. ನೀನೂ ಕಣ್ಣು ಮುಚ್ಚು.