ಕಪ್ಪಕ್ಕನ ಎರಡು ಹೊಂಡಗಳು

ಮಕ್ಕಳೇ, ಒಂದು ಕಾಡಿನಲ್ಲಿ ಕೆರೆಯೊಂದಿತ್ತು. ಅದರ ದಡದಲ್ಲಿ ಕಪ್ಪಕ್ಕ ಎಂಬ ಕಪ್ಪೆಯಿತ್ತು. ಹೋದ ವರ್ಷ ಅದರ ಮೊಟ್ಟೆಗಳನ್ನೆಲ್ಲ ಕೆರೆಯ ಮೀನುಗಳು ನುಂಗಿದ್ದವು. ಅಂದಿನಿಂದ ಕಪ್ಪಕ್ಕ ಹೆಚ್ಚು ವಟಗುಟ್ಟುತ್ತಿರಲಿಲ್ಲ.

ಈ ಮಳೆಗಾಲದಲ್ಲಿ ಮೊಟ್ಟೆಯಿಡಲು ಬೇರೆ ಜಾಗ ಬೇಕಿತ್ತು. ಗುಡ್ಡದಾಚೆ ಎರಡು ಹೊಂಡಗಳಿದ್ದವು, ಒಂದು ಬಂಡೆಯ ಹೊಂಡ, ಇನ್ನೊಂದು ಜೊಂಡಿನ ಹೊಂಡ. ಎರಡಕ್ಕೂ ಹೋಗಿ ನೋಡಿ ಬರುವಷ್ಟು ತ್ರಾಣ ಕಪ್ಪಕ್ಕನಿಗಿರಲಿಲ್ಲ. ಅತ್ತ ಓಡಾಡುವವರನ್ನೇ ಕೇಳಿತು.

"ನೆರಳು ಹೇಗಿದೆ, ಅಳಿಲಮ್ಮ?"

"ಬಂಡೆಯ ಹತ್ತಿರ ತುಂಬ ಚೆನ್ನಾಗಿದೆ. ಮಲಗಿದರೆ ಏಳಲು ಮನಸ್ಸಾಗದು! ಜೊಂಡಿನ ಕಡೆ ಅಷ್ಟಕ್ಕಷ್ಟೆ."

"ಮೀನು, ಆಮೆಯಜ್ಜ?"

"ಬಂಡೆಯಲ್ಲಿ ಒಂದೂ ಇಲ್ಲಮ್ಮ. ಜೊಂಡಿನಲ್ಲಿ ಅಲ್ಲೊಂದು ಇಲ್ಲೊಂದು."

"ನೀರು, ಜಿಂಕೆ ತಮ್ಮ?"

"ಜೊಂಡಿನಲ್ಲಿ ಬೇಕಾದಷ್ಟಿದೆ, ಅಕ್ಕ. ಬಂಡೆಯಲ್ಲಿ... ಪರವಾಗಿಲ್ಲ."

ಕಪ್ಪಕ್ಕ ಕಣ್ಣು ಮುಚ್ಚಿ ಎಲ್ಲವನ್ನೂ ಕೂಡಿಸಿತು. ಬಂಡೆಯ ಹೊಂಡಕ್ಕೆ ಎರಡು 'ತುಂಬ ಚೆನ್ನ', ಒಂದು 'ಪರವಾಗಿಲ್ಲ'. ಜೊಂಡಿನದಕ್ಕೆ ಒಂದೇ 'ಚೆನ್ನ'.

"ಬಂಡೆಯದೇ ಮೇಲು" ಎಂದುಕೊಂಡಿತು.

"ಒಮ್ಮೆ ಇಣುಕಿ ನೋಡಿ ಬಾರಮ್ಮ" ಎಂದಿತು ಆಮೆಯಜ್ಜ.

"ಮೂವರು ಹೇಳಿದ ಮೇಲೆ ಇನ್ನೇನು ನೋಡುವುದು, ಅಜ್ಜ? ಸಾಕಾಗಿದೆ ನನಗೆ."

ಅಂದು ಸಂಜೆ ಸುರಿದ ಮಳೆಗೆ ಎಲ್ಲ ತಗ್ಗುಗಳೂ ಒಂದೇ ಸಮ ತುಂಬಿದ್ದವು. ಆ ಮಳೆಯಲ್ಲೇ ಹೋಗಿ ಕಪ್ಪಕ್ಕ ಬಂಡೆಯ ಹೊಂಡದಲ್ಲಿ ಮೊಟ್ಟೆಯಿಟ್ಟಿತು. ಮರಿಗಳು ಬಾಲ ಆಡಿಸುತ್ತ ಹೊರಬಂದವು. ಕಪ್ಪಕ್ಕ ಮತ್ತೆ ವಟಗುಟ್ಟಿತು.

ಆಮೇಲೆ ಕೆಲವು ದಿನ ಮಳೆ ಬಿಡುವು ಕೊಟ್ಟಿತು. ಹೊಂಡದ ನೀರು ಬತ್ತುತ್ತ ಬಂದು, ಕೊನೆಗೆ ಒದ್ದೆ ಕಲ್ಲಷ್ಟೇ ಉಳಿಯಿತು. ಮರಿಗಳಿಗೆ ಇನ್ನೂ ಕಾಲು ಮೂಡಿರಲಿಲ್ಲ. ಒಂದೂ ಉಳಿಯಲಿಲ್ಲ. ನೆರಳು ಮಾತ್ರ ತಂಪಾಗಿಯೇ ಇತ್ತು.

ಸುದ್ದಿ ಕೇಳಿ ಜಿಂಕೆ ಬಂಡೆಯ ಹೊಂಡದ ಬಳಿ ಬಂತು. ಅಲ್ಲಿ ಕೂತಿದ್ದ ಕಪ್ಪಕ್ಕನನ್ನು ಸಮಾಧಾನ ಮಾಡಲು ನೋಡಿತು.

"ಪರವಾಗಿಲ್ಲ ಬಿಡಕ್ಕ" ಎಂದಿತು.

ಕಪ್ಪಕ್ಕ ತಲೆಯೆತ್ತಿತು. ಅದರ ದನಿಯಲ್ಲಿ ಕೋಪವಿರಲಿಲ್ಲ.

"ತಮ್ಮ, ಅವತ್ತೂ ಇದನ್ನೇ ಹೇಳಿದೆಯಲ್ಲ. ಆಗ ಇಲ್ಲಿ ನೀರು ಎಷ್ಟಿತ್ತು?"

"ನಾಲ್ಕು ಗುಟುಕು ಸಿಕ್ಕಿತ್ತು, ಅಕ್ಕ. ನನ್ನ ಬಾಯಾರಿಕೆಗೆ ಅಷ್ಟು ಸಾಕಾಗಿತ್ತು."

"ಹೌದು, ನಿನಗೆ ಸಾಕಾಗಿತ್ತು. ಎಷ್ಟು ಎಂದು ಅವತ್ತೇ ಕೇಳಬೇಕಾದವಳು ನಾನು."

ಮಳೆ ಮತ್ತೆ ಹಿಡಿದಾಗ ಕಪ್ಪಕ್ಕ ಯಾರನ್ನೂ ಕೇಳಲಿಲ್ಲ. ಮೆಲ್ಲಗೆ ಕುಪ್ಪಳಿಸುತ್ತ, ನಡುನಡುವೆ ಕೂತು ಸುಧಾರಿಸಿಕೊಳ್ಳುತ್ತ, ಜೊಂಡಿನ ಹೊಂಡಕ್ಕೆ ಹೋಯಿತು. ನೀರಿಗಿಳಿದು ಕಾಲು ಚಾಚಿತು. ತಳ ಸಿಗಲಿಲ್ಲ.

ನೀತಿ: ಒಬ್ಬರ 'ಪರವಾಗಿಲ್ಲ' ಇನ್ನೊಬ್ಬರಿಗೆ ಸಾಲದೇ ಹೋಗಬಹುದು, ಕೂಡಿಸುವ ಮೊದಲು ಎಷ್ಟೆಂದು ಕೇಳಿ. ಯಾವುದಿಲ್ಲದೆ ಬದುಕಿಲ್ಲವೋ ಅದರ ಕೊರತೆಯನ್ನು ಉಳಿದ ಯಾವ ಒಳ್ಳೆಯದೂ ತುಂಬಿಕೊಡದು.