ಅಂಚಿನೊಳಗಿನ ತಂತಿ

“ಕಿವಿ ಇದ್ದೋರು ಕೇಳ್ರಪ್ಪೋ, ತಲೆ ಇದ್ದೋರು ಹುಷಾರಾಗಿ ಕೇಳ್ರಿ! ಒಗಟು ಮೂರು. ಬಿಡಿಸಿದೋರಿಗೆ ಬೇಡಿದ್ದು. ತಪ್ಪಿದೋರ ತಲೆ ಕೋಟೆ ಬಾಗಿಲಿಗೆ!”

ಕೆಂಗೋಟೆಯ ರಾಜ ವೀರಮಲ್ಲ ಹೀಗೆ ಡಂಗುರ ಹೊಡೆಸಿದ. ಒಗಟುಗಳು ಮಾತ್ರ ಅವನವಲ್ಲ. ಅವನ ಕೂಸಿಗೆ ಹೊಸ ತಾಮ್ರದ ಬೋಗುಣಿಯಲ್ಲಿ ಸ್ನಾನ ಮಾಡಿಸುವಾಗ ಅಂಚು ತಗುಲಿ ಮಣಿಕಟ್ಟು ಕುಯ್ದಿತ್ತು. ಗಾಯ ಕೀವಾಗಿ ಕೂಸು ಸತ್ತಿತು. ಬೋಗುಣಿ ಮಾಡಿದ ಕಾಳಾಚಾರಿಯ ಬಲಗೈ ಹೆಬ್ಬೆರಳು ಕತ್ತರಿಸಿ ಸೆರೆಗೆ ತಳ್ಳಿದರು. ಅಮಾವಾಸ್ಯೆಗೆ ನೇಣು. ಎಳೆದೊಯ್ಯುವಾಗ ಅವನು ಒಗಟಿನಂಥ ಮೂರು ಮಾತು ಆಡಿ ಬಾಯಿ ಮುಚ್ಚಿದವನು, ಮತ್ತೆ ತೆರೆಯಲೇ ಇಲ್ಲ. ಆ ಮಾತುಗಳು ರಾಜನ ನಿದ್ದೆ ತಿಂದವು.

ಮೊದಲು ಬಂದವನು ಮಂತ್ರಿಯ ಅಳಿಯ.

“ಹೂತುಹೋದವನ ಹಾಗೆ ಒಳಗೆ ಮಲಗಿರ್ತಾನೆ, ಹೊರಗಿನವರ ಕೈ ಕಾಯ್ತಾನೆ. ಯಾರು?” ಎಂದ ರಾಜ.

“ತಮ್ಮ ತಾತನವರು, ಮಹಾಪ್ರಭು!” ಎಂದು ಅಳಿಯ ಹಲ್ಲು ಕಿರಿದ.

ತಲೆ ಉರುಳಿತು. ಹಲ್ಲು ಇನ್ನೂ ಕಿರಿದೇ ಇತ್ತು.

ಆಮೇಲೆ ಜವಳಿ ಸಾಹುಕಾರ. “ಹೂತಿಟ್ಟ ನಿಧಿ” ಅಂದ. ಬಾಗಿಲಿಗೆ ಎರಡನೇ ತಲೆ ಬಂತು. ಕಾಗೆಗಳಿಗೆ ಹಬ್ಬ.

ಊರಿನ ಕಂಚುಗಾರರಿಗೆಲ್ಲ ಉತ್ತರ ಗೊತ್ತಿತ್ತು. ಅದಕ್ಕೇ ಒಬ್ಬನೂ ಬರಲಿಲ್ಲ.

ಬಂದವಳು ಕಾಳಾಚಾರಿಯ ಮಗಳು ಸಾವಂತ್ರಿ, ಮಸಿ ಹಿಡಿದ ಸೀರೆಯಲ್ಲೇ.

“ಸಾಯಲು ಬಂದೆಯೇನೇ?” ಎಂದ ತಲೆ ಕಡಿಯುವ ಕಟುಕ.

“ನಿನ್ನ ಕತ್ತಿ ಮೊಂಡಾಗಿದೆಯಂತಲ್ಲಣ್ಣ, ನೋಡೋಣ ಅಂತ ಬಂದೆ.”

ರಾಜ ಮೊದಲನೆಯದನ್ನು ಕೇಳಿದ.

“ತಂತಿ, ಬುದ್ಧಿ. ತಗಡಿನ ಅಂಚು ಮಡಿಸಿ ಒಳಗೆ ತಂತಿ ಮಲಗಿಸ್ತೀವಿ. ಆಮೇಲೆ ಅಂಚು ದುಂಡಗಾಗ್ತದೆ, ಯಾರ ಕೈಯೂ ಕುಯ್ಯೋದಿಲ್ಲ.”

“ಒಬ್ಬನನ್ನು ಅಪ್ಪೋಕೆ ಎರಡೂವರೆ ಬೇಕು. ಏನದು?”

“ಅದೂ ಅಂಚೇ. ತಂತಿ ಎಷ್ಟು ದಪ್ಪವೋ, ಅದರ ಎರಡೂವರೆ ಪಟ್ಟು ತಗಡು ಬಿಡಬೇಕು. ಕಮ್ಮಿಯಾದ್ರೆ ಅಪ್ಪುಗೆ ಕೂಡೋದಿಲ್ಲ, ಬಾಯಿ ಬಿಟ್ಕೊಂಡು ಕತ್ತಿಯಾಗ್ತದೆ.”

ಸಭೆಯಲ್ಲಿ ಗುಜುಗುಜು ಎದ್ದಿತು. ರಾಜ ಮುಂದಕ್ಕೆ ಬಾಗಿದ.

“ತಿರುಕನ ಹತ್ತಿರವೂ ಇರ್ತದೆ, ರಾಜನ ಕೈಯಲ್ಲಿ ಕೊಡೋಕಾಗಲಿಲ್ಲ. ಯಾವುದು?”

ಸಾವಂತ್ರಿ ಕತ್ತಿಯ ಕಡೆ ನೋಡಿದಳು.

“ಪುರುಸೊತ್ತು, ಬುದ್ಧಿ.”

“ಏನಂದೆ?”

“ನಾಳೆ ನಾಮಕರಣ, ಬೋಗುಣಿ ಈಗಲೇ ಬೇಕು ಅಂದ್ರಿ. ತಂತಿ ಕೂರಿಸೋದು ಬಾಕಿ ಇದೆ, ಒಂದು ದಿನ ಕೊಡಿ ಅಂತ ನಮ್ಮಪ್ಪ ನಿಮ್ಮ ಕಾಲು ಹಿಡಿದ. ನೀವು ಕೊಡಲಿಲ್ಲ.”

ಕಟುಕ ಕತ್ತಿ ಎತ್ತಿದ. ರಾಜ ಕೈ ಅಡ್ಡ ಹಿಡಿದ.

“ಇಳಿಸೋ,” ಎಂದ. “ಏನು ಬೇಕಮ್ಮ ನಿನಗೆ?”

“ನಮ್ಮಪ್ಪ. ಆಮೇಲೆ ಆ ಬೋಗುಣಿ.”

ಮಾರನೆಯ ಬೆಳಗ್ಗೆ ಅರಮನೆಯ ಅಂಗಳದಲ್ಲೇ ಕೆಲಸ ಶುರುವಾಯಿತು. ಹೆಬ್ಬೆರಳಿಲ್ಲದ ಕೈಯಲ್ಲಿ ಮರದ ಕೊಡತಿ ನಿಲ್ಲಲಿಲ್ಲ. ಕಾಳಾಚಾರಿ ಹೇಳುತ್ತಾ ಹೋದ, “ಮೆಲ್ಲಗೆ ಮಗಾ, ತಗಡಿಗೆ ನೋವಾಗಬಾರದು.” ಮಗಳು ಬಡಿಯುತ್ತಾ ಹೋದಳು. ತಂತಿ ಒಳಗೆ ಮಲಗಿತು, ಅಂಚು ಅದನ್ನು ಅಪ್ಪಿತು.

ರಾಜ ಬಂದು ಅಂಚಿನ ಸುತ್ತ ಬೆರಳಾಡಿಸಿದ. ಎಲ್ಲೂ ಕುಯ್ಯಲಿಲ್ಲ. ಇನ್ನೊಂದು ಸುತ್ತು ಆಡಿಸಿದ.

“ಎಷ್ಟು ಹೊತ್ತು ಹಿಡೀತು?”

ಸಾವಂತ್ರಿ ತಲೆಯೆತ್ತಿ ನೋಡಿದಳು. ಬಿಸಿಲು ಇನ್ನೂ ಗೋಡೆಯ ಮೇಲಿತ್ತು.

“ಒಂದು ಹಗಲೂ ಪೂರ್ತಿ ಹಿಡೀಲಿಲ್ಲ, ಬುದ್ಧಿ.”