ಕೋವಿಗೆ ಬಿಸಿನೀರು

“ಬುದ್ಧಿ, ಒರಟು ಮಾತಾಡಿದವನು ಆಮೇಲೆ ನಾಲ್ಕು ಒಳ್ಳೆಯ ಮಾತಾಡಿದರೆ ಸಾಲದೇ?” ಎಂದು ಗುರುಶಾಂತ ಕೇಳಿದ.

ಅವನು ಮಠದ ದಾಸೋಹ ನೋಡಿಕೊಳ್ಳುತ್ತಿದ್ದ ಶಿಷ್ಯ. ಮಧ್ಯಾಹ್ನದ ಪಂಕ್ತಿಗೆ ಎಲೆ ಹಾಕಿಸಿ, ಬಡಿಸುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ, ಜಗಲಿಯಲ್ಲಿ ಕೂತಿದ್ದ ಗುರುಗಳ ಹತ್ತಿರ ಬಂದಿದ್ದ. ಹಾಗೆ ಪಂಕ್ತಿ ಬಿಟ್ಟು ಬರುವವನಲ್ಲ. ಏನಾಯಿತು ಎಂದು ಗುರುಗಳು ಕೇಳುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟ.

ಹೋದ ವಾರ ಅಡುಗೆಯ ಹೊನ್ನಮ್ಮ ಅನ್ನ ಸೀಯಿಸಿದ್ದಳು. ಭಕ್ತರು ಎಲೆಯ ಮುಂದೆ ಕಾದು ಕೂತಿದ್ದರು. ಗುರುಶಾಂತನಿಗೆ ಸಿಟ್ಟು ನೆತ್ತಿಗೇರಿತು. “ಕೈಲಾಗದಿದ್ದರೆ ಮೂಲೆ ಹಿಡಿದು ಕೂತುಕೋ” ಎಂದು ತುಂಬಿದ ಪಂಕ್ತಿಯ ಎದುರಿಗೇ ಗದರಿದ. ಅಂದಿನಿಂದ ಅಡುಗೆ ಹೊತ್ತಿಗೆ ಸರಿಯಾಗಿ ಇಳಿಯುತ್ತಿತ್ತು. ಮರುದಿನ ಅವನು ಅವಳಿಗೊಂದು ಸೀರೆ ಕೊಟ್ಟ. ಸಾರನ್ನು ಹೊಗಳಿದ. ಪಲ್ಯವನ್ನೂ ಹೊಗಳಿದ, ಅಂದು ಪಲ್ಯ ಸಪ್ಪೆಯಾಗಿತ್ತು. ಅವಳು ಸೀರೆಯನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. ಆದರೆ ಅಲ್ಲಿಯತನಕ ‘ಮಗ’ ಎನ್ನುತ್ತಿದ್ದವಳು ಆಮೇಲೆ ‘ಸ್ವಾಮಿ’ ಎನ್ನತೊಡಗಿದಳು. ಇವತ್ತು ಬೆಳಿಗ್ಗೆ, “ಊಟ ಮುಗಿದ ಮೇಲೆ ಮಗಳ ಊರಿಗೆ ಹೊರಡ್ತೀನಿ ಸ್ವಾಮಿ, ಇನ್ನು ಬರೋಲ್ಲ” ಎಂದಿದ್ದಳು. ತಾಯಿಯಿಲ್ಲದೆ ಮಠಕ್ಕೆ ಬಂದ ಗುರುಶಾಂತನಿಗೆ ಅನ್ನ ಕಲಸಿ ಉಣ್ಣಿಸಿ ಬೆಳೆಸಿದವಳು ಅವಳೇ. ಅದಕ್ಕೇ ಪಂಕ್ತಿ ಬಿಟ್ಟು ಎದ್ದು ಬಂದಿದ್ದ.

“ಸಪ್ಪೆ ಪಲ್ಯವನ್ನೂ ಹೊಗಳಿದೆ ಅನ್ನು. ಕಷ್ಟಪಟ್ಟಿದ್ದೀಯೆ” ಎಂದು ಗುರುಗಳು ನಕ್ಕರು. ಆಮೇಲೆ, “ಕೂತುಕೋ, ಒಂದು ಕತೆ ಹೇಳುತ್ತೇನೆ” ಎಂದು ಶುರುಮಾಡಿದರು.

ಕೊಡಗಿನ ಕಡೆ ಒಬ್ಬ ರೈತನಿದ್ದ. ಆ ನಾಡಿನವರು ಕೋವಿಯನ್ನು ದೇವರಂತೆ ಕಾಣುತ್ತಾರೆ. ಕೈಲ್ ಮುಹೂರ್ತದ ಹಬ್ಬದಲ್ಲಿ ಅದಕ್ಕೆ ಹೂ ಮುಡಿಸಿ ಪೂಜೆ ಮಾಡಿ, ಆಮೇಲೆ ಮೈದಾನಕ್ಕೆ ಒಯ್ದು, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ರೈತನ ಅಪ್ಪ ಬದುಕಿರುವವರೆಗೆ ಒಮ್ಮೆಯೂ ಕಾಯಿ ತಪ್ಪಿಸಿದವನಲ್ಲ. ಸಾಯುವ ಮುಂಚೆ ತನ್ನ ರೈಫಲನ್ನು ಮಗನ ಕೈಗಿಟ್ಟು, ಇದಕ್ಕೆ ನೀರು ಸೋಕಿಸಬೇಡ ಎಂದಷ್ಟೇ ಹೇಳಿದ್ದ. ಅದೇ ಕೋವಿಯಿಂದ ಕಾಯಿ ಒಡೆದು ಅಪ್ಪನ ಹೆಸರು ಉಳಿಸಬೇಕೆಂಬುದು ಮಗನ ಆಸೆ. ಅವನ ಗುರಿ ಮಾತ್ರ ಅಷ್ಟಕ್ಕಷ್ಟೇ. ಗುರಿ ಕೂಡಲು ಅಭ್ಯಾಸ ಬೇಕು, ಅಭ್ಯಾಸಕ್ಕೆ ಕೋವಿಗೆ ತುಂಬುವ ಮದ್ದುಗುಂಡಿನ ತೋಟೆ ಬೇಕಾದಷ್ಟು ಬೇಕು. ಹಿತ್ತಾಳೆಯ ತೋಟೆ ಅವನ ಕೈಗೆಟುಕುವಂತಿರಲಿಲ್ಲ.

ಪೇಟೆಯ ವ್ಯಾಪಾರಿಯೊಬ್ಬ ಕಬ್ಬಿಣದ ಕವಚದ ಅಗ್ಗದ ತೋಟೆ ತೋರಿಸಿದ.

“ಗುರಿಗೇನೂ ಮೋಸವಿಲ್ಲ. ಆದರೆ ಇದರ ಮದ್ದು ಸುಟ್ಟ ಮೇಲೆ ಉಪ್ಪಿನಂಥದ್ದು ಕೋವಿಯ ನಳಿಗೆಯೊಳಗೆ ಕೂರುತ್ತದೆ. ಹೊಡೆದ ದಿನವೇ ಕುದಿಯುವ ನೀರು ಹೊಯ್ದು ತೊಳೆಯಬೇಕು. ಎಣ್ಣೆ ಆಮೇಲೆ.”

“ಕೋವಿಗೆ ನೀರಾ? ನಮ್ಮಪ್ಪ ಇದ್ದಿದ್ದರೆ ಕಾಯಿ ಬಿಚ್ಚಿ ನಿಮ್ಮನ್ನೇ ಅಲ್ಲಿ ಕಟ್ಟುತ್ತಿದ್ದರು” ಎಂದು ರೈತ ನಗುತ್ತಾ ತೋಟೆ ಕಟ್ಟಿಸಿಕೊಂಡ.

ಮಳೆ ಬಿಡುವು ಕೊಟ್ಟಾಗಲೆಲ್ಲ ಅವನು ಗದ್ದೆಯಾಚೆಯ ದಿಬ್ಬಕ್ಕೆ ಗುರಿಯಿಟ್ಟು ಹೊಡೆದ. ದಿನೇ ದಿನೇ ಕೈ ಕೂಡುತ್ತಾ ಬಂತು. ಅವನು ಅಚ್ಚುಕಟ್ಟಿನ ಮನುಷ್ಯ. ಕೆಟ್ಟುಹೋದ ಧ್ವನಿವರ್ಧಕದಿಂದ ಕಿತ್ತ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ ಹುಲ್ಲಿನ ಮೇಲೆ ಎಳೆದರೆ ಖಾಲಿ ಕವಚಗಳೆಲ್ಲ ತಾವಾಗಿ ಬಂದು ಅಂಟುತ್ತಿದ್ದವು. ಕಬ್ಬಿಣದ್ದಾದ್ದರಿಂದ ಆ ಅನುಕೂಲ. ದನ ಮೇಯುವ ಜಾಗದಲ್ಲಿ ಒಂದು ಚೂರೂ ಬಿಡುತ್ತಿರಲಿಲ್ಲ. ಮನೆಗೆ ಬಂದು ಸರಳಿಗೆ ಬಟ್ಟೆ ಸುತ್ತಿ ನಳಿಗೆಯ ಮಸಿ ಒರೆಸಿ, ಕೈ ಬಿಚ್ಚಿ ಎಣ್ಣೆ ಹಾಕುತ್ತಿದ್ದ. ಕೋವಿ ಮಿರಮಿರ ಮಿಂಚುತ್ತಿತ್ತು. ಅವನಷ್ಟು ಚೊಕ್ಕಟವಾಗಿ ಕೋವಿ ಇಟ್ಟುಕೊಂಡವರು ಊರಿನಲ್ಲೇ ಇಲ್ಲ ಎಂದು ನೆರೆಯವರು ಹೇಳಿದರು. ಅದನ್ನು ಕೇಳಿ ಅವನು ಇನ್ನೂ ಸ್ವಲ್ಪ ಎಣ್ಣೆ ಹಾಕಿದ.

ಹಬ್ಬ ಹತ್ತಿರವಾದಾಗ ಪದ್ಧತಿಯಂತೆ ಕೋವಿಯನ್ನು ದೇವರ ಕೋಣೆಯಲ್ಲಿಟ್ಟ. ಹಾಗೆ ಇಟ್ಟ ಮೇಲೆ ಪೂಜೆಯಾಗುವವರೆಗೆ ಯಾರೂ ಮುಟ್ಟುವಂತಿಲ್ಲ. ಹಬ್ಬದ ದಿನ ಹೂ ತೆಗೆದು ಮೈದಾನಕ್ಕೆ ಹೊತ್ತು ನಡೆದ. ಊರಿನವರೆಲ್ಲ ಸೇರಿದ್ದರು. ಅಪ್ಪನನ್ನು ಬಲ್ಲ ಹಿರಿಯರು ಮುಂದಿನ ಸಾಲಿನಲ್ಲೇ ಕೂತಿದ್ದರು. ಅವನು ಉಸಿರು ಹಿಡಿದು ಗುರಿಯಿಟ್ಟು ಹೊಡೆದ. ಗುಂಡು ಕಾಯಿಯ ಗೊಡವೆಗೇ ಹೋಗದೆ ಎಲ್ಲೋ ಹಾರಿತು. ಮತ್ತೆ ಹೊಡೆದ, ಮತ್ತೆ ಹಾಗೇ ಆಯಿತು. ಹಿರಿಯರು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು ಎಂದು ಅವನಿಗೆ ಅನಿಸಿತು.

ಮನೆಗೆ ಬಂದು ನಳಿಗೆಯೊಳಗೆ ಬಟ್ಟೆ ಹಾಕಿ ಎಳೆದ. ಬಟ್ಟೆ ಕೆಂಪಗೆ ಬಂತು. ಎಣ್ಣೆಯ ಕೆಳಗೇ ತುಕ್ಕು ಹಿಡಿದಿತ್ತು. ತಿಕ್ಕಿ ತಿಕ್ಕಿ ಒರೆಸಿ ಮತ್ತೆ ಎಣ್ಣೆ ಹಾಕಿದ. ಮರುದಿನ ಬೆಳಿಗ್ಗೆ ಬಟ್ಟೆ ಮತ್ತೆ ಕೆಂಪಾಯಿತು. ಅದರ ಮರುದಿನವೂ ಅದೇ. ಅಪ್ಪನ ಕೋವಿಯನ್ನು ತಾನೇ ಕೈಯಾರೆ ಕೆಡಿಸಿದೆನಲ್ಲ ಎಂದು ಅವನು ಅನ್ನ ಮುಟ್ಟದೆ ಕೂತ. ಆ ಅಗ್ಗದ ತೋಟೆಯನ್ನೂ ಅದನ್ನು ಮಾರಿದವನನ್ನೂ ಬಾಯಿಗೆ ಬಂದಂತೆ ಬೈದ.

ಹೆಂಡತಿ ಉಪ್ಪಿನಕಾಯಿಯ ಭರಣಿ ತೊಳೆಯುತ್ತಾ ಎಲ್ಲವನ್ನೂ ಕೇಳುತ್ತಿದ್ದಳು. “ಅಲ್ಲಾರೀ, ಆ ವ್ಯಾಪಾರಿ ಏನಾದರೂ ಹೇಳಿ ಕೊಟ್ಟನಾ, ಹಾಗೇ ಕೊಟ್ಟನಾ?”

“ಒಳಗೆ ಉಪ್ಪು ಕೂರುತ್ತೆ, ನೀರು ಹೊಯ್ದು ತೊಳಿ ಅಂದ. ಕೋವಿಗೆ ನೀರು ಹೊಯ್ಯೋಕಾಗುತ್ತಾ?”

“ಈ ಭರಣಿಗೆ ಎಣ್ಣೆ ಸವರಿದರೆ ಉಪ್ಪು ಹೋಗುತ್ತಾ? ಒಳಗೇ ಬೆಚ್ಚಗೆ ಕೂತಿರುತ್ತೆ. ಮಾವ ನೀರು ಬೇಡ ಅಂದಿದ್ದು ಅವರ ತೋಟೆಗೆ. ನೀವು ಹೊಡೆದಿದ್ದು ಬೇರೆ ತೋಟೆ” ಎಂದವಳೇ ಎದ್ದು ಬಚ್ಚಲೊಲೆಗೆ ಬೆಂಕಿ ಹಾಕಿದಳು.

ರೈತ ಕೋವಿಯನ್ನು ಬಿಚ್ಚಿದ. ನಳಿಗೆಯ ಬಾಯಿಗೆ ಲಾಳಿಕೆ ಇಟ್ಟ. ಅಪ್ಪನ ಮುಖ ಕಣ್ಣ ಮುಂದೆ ಬಂತು, ಬಿಸಿನೀರಿನ ಚೊಂಬು ಎತ್ತಿದವನು ಹೊಯ್ಯದೆ ನಿಂತ. ಹೆಂಡತಿ ಅವನ ಕೈಯಿಂದ ಚೊಂಬು ಕಿತ್ತುಕೊಂಡು ತಾನೇ ಹೊಯ್ದಳು. ಮೊದಲು ಕರೀ ನೀರು ಇಳಿಯಿತು, ಆಮೇಲೆ ಕೆಂಪು ನೀರು. ತಿಳಿ ನೀರು ಬರುವವರೆಗೂ ಅವಳು ಬಿಡಲಿಲ್ಲ. ಕುದಿಯುವ ನೀರಾದ್ದರಿಂದ ನಳಿಗೆ ಕಾದು ತಾನಾಗಿ ಒಣಗಿತು. ಒಳಗಿನ ತುಕ್ಕನ್ನು ತಿಕ್ಕಿ ತೆಗೆದು, ಬೆರಳ ತುದಿಯಷ್ಟು ಎಣ್ಣೆ ಸವರಿಟ್ಟರು. ಬೆಳಿಗ್ಗೆ ಎಳೆದ ಬಟ್ಟೆ ಹಾಕಿದ ಹಾಗೇ ಬೆಳ್ಳಗೆ ಬಂತು. ಅಂದು ರೈತ ಎರಡು ಸಲ ಬಡಿಸಿಕೊಂಡು ಉಂಡ.

ತುಕ್ಕು ತಿಂದ ಗುಳಿ ಅಲ್ಲೊಂದು ಇಲ್ಲೊಂದು ಉಳಿಯಿತು. ಅದು ಹೋಗುವಂಥದ್ದಲ್ಲ. ಆದರೂ ಮರುವರ್ಷದ ಹಬ್ಬದಲ್ಲಿ ಕಾಯಿ ಹೋಳಾಯಿತು. ಅಪ್ಪನನ್ನು ಬಲ್ಲ ಹಿರಿಯರು ಎದ್ದು ಬಂದು ಬೆನ್ನು ತಟ್ಟಿದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಗುರುಶಾಂತನಿಗೆ ಕತೆಯ ನೀತಿ ಸಿಕ್ಕಿದಂತಾಯಿತು. “ಅಗ್ಗದ ತೋಟೆ ಕೊಂಡದ್ದೇ ತಪ್ಪಾಯಿತು, ಅಲ್ಲವೇ ಬುದ್ಧಿ? ನಾನು ಇನ್ನು ಮೇಲೆ ಯಾರನ್ನೂ ಬೈಯುವುದಿಲ್ಲ.”

“ಬೈಯದೆ ಇರುತ್ತೀಯಾ? ನಿನ್ನನ್ನು ನಾನು ಇವತ್ತು ನೋಡುತ್ತಿಲ್ಲ” ಎಂದು ಗುರುಗಳು ಮತ್ತೆ ನಕ್ಕರು. “ಆ ರೈತ ಈಗಲೂ ಅದೇ ತೋಟೆ ಕೊಳ್ಳುತ್ತಾನೆ. ಗುಂಡು ಹೊಡೆಯಲು ಹೊರಡುವ ಮೊದಲು ಹಂಡೆಗೆ ನೀರು ತುಂಬಿ ಒಲೆ ಹಚ್ಚಿ ಹೋಗುತ್ತಾನೆ, ಅಷ್ಟೇ.”

ತಾನು ಹೊನ್ನಮ್ಮನಿಗೆ ಕೊಟ್ಟಿದ್ದು, ಆಡಿದ್ದು ಎಲ್ಲವೂ ಎಣ್ಣೆಯೇ ಎಂದು ಶಿಷ್ಯನಿಗೆ ಹೊಳೆಯಿತು. ಅವಳ ಮನಸ್ಸಿನೊಳಗೆ ಆ ಮಾತು ಹಾಗೇ ಕೂತಿತ್ತು. ನಾಚಿಕೆಯಾಯಿತು.

“ಕೋವಿಗಾದರೆ ಬಿಸಿನೀರು ಸರಿ. ಮನುಷ್ಯರಿಗೆ ಏನು ಹೊಯ್ಯಬೇಕು, ಬುದ್ಧಿ?”

“ತಪ್ಪಾಯಿತು ಅನ್ನುವ ಮಾತು. ನೀನು ಬೈದದ್ದು ಪಂಕ್ತಿಯ ಎದುರಿಗೆ. ಪಂಕ್ತಿ ಇನ್ನೂ ಎದ್ದಿಲ್ಲ, ಹೋಗು.”